ಡಿಎಕ್ಸ್ ಎಂದರೆ ಎಷ್ಟು ಸಣ್ಣದು? ಭೌತಶಾಸ್ತ್ರದ ತರಗತಿಯಲ್ಲಿ ಡಿಫರೆನ್ಷಿಯಲ್

ಸರಳಿನ ಮೊಮೆಂಟ್ ಆಫ್ ಇನರ್ಷಿಯಾ (ತಿರುಗುವಿಕೆಗೆ ವಸ್ತು ತೋರುವ ಜಡತ್ವ) ಡಿರೈವೇಷನ್ನನ್ನು ಒಂದಕ್ಷರ ತಪ್ಪದೆ ಬರೆಯುವ ವಿದ್ಯಾರ್ಥಿಯನ್ನು ನಡುವೆ ತಡೆದು, ‘ಇಲ್ಲಿ ಡಿಎಂ ಅಂದ್ರೆ ಏನಮ್ಮಾ?’ ಎಂದು ಕೇಳಿ ನೋಡಿ. ‘ತುಂಬಾ ಸಣ್ಣ ಎಂ, ಅಂದ್ರೆ ರಾಶಿ, ಸರ್’ ಎನ್ನುತ್ತಾಳೆ. ಎಷ್ಟು ಸಣ್ಣದು? ‘ಇನ್ಫಿನಿಟೆಸಿಮಲ್, ಸರ್.’ ಹಾಗಂದರೆ? ಮಾತು ಅಲ್ಲಿಗೆ ನಿಲ್ಲುತ್ತದೆ. ಉರು ಹೊಡೆದ ಡಿರೈವೇಷನ್ ಐದು ಮಾರ್ಕ್ಸ್ ತಂದುಕೊಡುತ್ತದೆ, ನಿಜ. ಆದರೆ ಪಠ್ಯದಲ್ಲಿಲ್ಲದ ಆಕಾರವೊಂದನ್ನು ಕೊಟ್ಟರೆ ಅದೇ ವಿದ್ಯಾರ್ಥಿಗೆ ಮೊದಲ ಸಾಲೇ ಹುಟ್ಟುವುದಿಲ್ಲ. ತೊಂದರೆ ಇಂಟಿಗ್ರೇಷನ್ನಿನದಲ್ಲ, ಅಂದರೆ ತುಣುಕುಗಳನ್ನು ಕೂಡಿಸುವುದರದಲ್ಲ, ಅದಕ್ಕೂ ಮುಂಚಿನ ಹೆಜ್ಜೆಯದು.

ನಮ್ಮ ಪಿಯುಸಿಯಲ್ಲಿ ಇದಕ್ಕೆ ಸರಳವಾದ ಕಾರಣವೊಂದಿದೆ. ಮೊದಲ ವರ್ಷದ ಭೌತಶಾಸ್ತ್ರ ಆರಂಭದ ಅಧ್ಯಾಯಗಳಲ್ಲೇ ತತ್‌ಕ್ಷಣದ ವೇಗಕ್ಕೆ ಡಿಎಕ್ಸ್/ಡಿಟಿ ಎಂದು ಬರೆಯುತ್ತದೆ. ಬದಲಾಗುವ ಬಲ ಮಾಡುವ ಕೆಲಸದ ಹೊತ್ತಿಗೆ ಇಂಟಿಗ್ರೇಷನ್ನಿನ ∫ ಚಿಹ್ನೆಯೂ ಬಂದುಬಿಡುತ್ತದೆ. ಗಣಿತದಲ್ಲಾದರೋ ಲಿಮಿಟ್ಟು, ಡೆರಿವೇಟಿವ್ವು (ಬದಲಾವಣೆಯ ದರ) ಮೊದಲ ವರ್ಷದ ಕೊನೆಯತ್ತ ಬರುತ್ತವೆ, ಇಂಟಿಗ್ರೇಷನ್ ಎರಡನೇ ವರ್ಷಕ್ಕೆ. ಅಷ್ಟರಲ್ಲಿ ಗಣಿತದ ಮೇಷ್ಟ್ರು ‘ಡಿವೈ/ಡಿಎಕ್ಸ್ ಭಿನ್ನರಾಶಿಯಲ್ಲ, ಅದು ಒಂದೇ ಚಿಹ್ನೆ’ ಎಂದಿರುತ್ತಾರೆ. ಪಕ್ಕದ ಪೀರಿಯಡ್ಡಿನಲ್ಲಿ ಭೌತಶಾಸ್ತ್ರದ ಮೇಷ್ಟ್ರುಗಳಾದ ನಾವು ಡಿಟಿಯನ್ನು ಆಚೆ ಕಡೆಗೆ ಗುಣಿಸಿ ಕಳಿಸುತ್ತೇವೆ. ಇಬ್ಬರೂ ತಪ್ಪು ಹೇಳುತ್ತಿಲ್ಲ. ಆದರೆ ನಡುವೆ ಇರುವ ಸೇತುವೆಯನ್ನು ಯಾರೂ ತೋರಿಸುವುದಿಲ್ಲ.

ಡಿಎಕ್ಸ್, ಡಿಎಂನಂಥ ಡಿಫರೆನ್ಷಿಯಲ್ಲಿಗೆ ಭೌತಶಾಸ್ತ್ರಕ್ಕೆ ಬೇಕಾದ ವ್ಯಾಖ್ಯೆ ಇಷ್ಟೇ: ಯಾವ ಪ್ರಮಾಣ ಜಾಗದಿಂದ ಜಾಗಕ್ಕೆ ಅಥವಾ ಗಳಿಗೆಯಿಂದ ಗಳಿಗೆಗೆ ಬದಲಾಗುತ್ತಿದೆಯೋ, ಅದನ್ನು ತುಣುಕಿನೊಳಗೆ ಸ್ಥಿರ ಎಂದುಕೊಂಡರೂ ನಷ್ಟವಾಗದಷ್ಟು ಸಣ್ಣ ತುಣುಕು. ಹಾಗಾಗಿ ಬೋರ್ಡಿನ ಮೇಲೆ ಡಿಎಕ್ಸ್ ಬರೆಯುವ ಮೊದಲು ಕೇಳಬೇಕಾದ ಪ್ರಶ್ನೆ ‘ಇಲ್ಲಿ ಬದಲಾಗುತ್ತಿರುವುದು ಏನು?’ ಎಂಬುದು. ಉತ್ತರ ಸಿಕ್ಕಿದರೆ ತುಣುಕಿನ ಆಕಾರ ತಾನಾಗಿಯೇ ಸಿಗುತ್ತದೆ. ಅಣೆಕಟ್ಟಿನ ಗೋಡೆಯ ಮೇಲೆ ನೀರಿನ ಒತ್ತಡ ಆಳದೊಂದಿಗೆ ಏರುತ್ತದೆ. ಆದ್ದರಿಂದ ಗೋಡೆಯನ್ನು ಅಡ್ಡ ಪಟ್ಟಿಗಳಾಗಿ ಕತ್ತರಿಸಬೇಕು, ಉದ್ದುದ್ದ ಪಟ್ಟಿ ಮಾಡಿದರೆ ಒಂದೇ ಪಟ್ಟಿಯಲ್ಲಿ ಎಲ್ಲ ಒತ್ತಡವೂ ಬಂದು ಕೂರುತ್ತದೆ. 20 ಮೀಟರ್ ಆಳದಲ್ಲಿ ನೀರಿನ ಒತ್ತಡ ಸುಮಾರು 1.96 ಲಕ್ಷ ಪ್ಯಾಸ್ಕಲ್. ಅಲ್ಲಿ 1 ಮೀಟರ್ ಎತ್ತರದ ಪಟ್ಟಿ ತೆಗೆದುಕೊಂಡರೆ ಮೇಲಂಚಿಗೂ ಕೆಳಂಚಿಗೂ 9,800 ಪ್ಯಾಸ್ಕಲ್ ವ್ಯತ್ಯಾಸ, ಅಂದರೆ ಶೇ. 5. ಪಟ್ಟಿ 1 ಸೆಂ.ಮೀ. ಆದರೆ ವ್ಯತ್ಯಾಸ 98 ಪ್ಯಾಸ್ಕಲ್, ಶೇ. 0.05. ‘ಸಣ್ಣ’ ಎನ್ನುವುದಕ್ಕೆ ಹೀಗೆ ಒಂದು ಅಳತೆ ಕೊಟ್ಟರೆ ಇನ್ಫಿನಿಟೆಸಿಮಲ್ ಎಂಬ ಮಂತ್ರದ ಅಗತ್ಯವೇ ಬೀಳುವುದಿಲ್ಲ. ಭೂಮಿಯ ಸಾಂದ್ರತೆ ಕೇಂದ್ರದಿಂದ ಇರುವ ದೂರದೊಂದಿಗೆ ಬದಲಾಗುತ್ತದೆ, ಅದಕ್ಕೆ ಅಲ್ಲಿ ಈರುಳ್ಳಿಯ ಪದರದಂಥ ಚಿಪ್ಪುಗಳೇ ಸರಿ.

ಇದರ ಜೊತೆಗೆ, ‘ಡಿ’ ಎಂಬ ಒಂದೇ ಅಕ್ಷರ ಎರಡು ಬೇರೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು. ಸರಳಿನ ಡಿಎಂ ಒಂದು ತುಣುಕು. ಸರಳಿನಲ್ಲಿ ಕಾಲದೊಂದಿಗೆ ಏನೂ ಬದಲಾಗುತ್ತಿಲ್ಲ, ನಾವು ಮನಸ್ಸಿನಲ್ಲಿ ಕತ್ತರಿಸಿದ್ದೇವೆ ಅಷ್ಟೆ. ಖಾಲಿಯಾಗುತ್ತಿರುವ ಕೆಪಾಸಿಟರಿನ (ಚಾರ್ಜು ಕೂಡಿಡುವ ಸಾಧನದ) ಡಿಕ್ಯೂ ಒಂದು ವ್ಯತ್ಯಾಸ: ಆಮೇಲಿನದ್ದರಿಂದ ಮೊದಲಿನದ್ದನ್ನು ಕಳೆದಾಗ ಬರುವುದು. ತುಣುಕು ಯಾವಾಗಲೂ ಧನ ಎಂದು ಇಟ್ಟುಕೊಳ್ಳಬಹುದು, ವ್ಯತ್ಯಾಸ ಋಣವೂ ಆಗಬಹುದು. ಚಿಹ್ನೆಯ ತಪ್ಪುಗಳಲ್ಲಿ ಬಹುಪಾಲು ಹುಟ್ಟುವುದು ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ.

ಈಗ ಎಲ್ಲರ ಮನಸ್ಸಿನಲ್ಲೂ ಇರುವ ಸಂಶಯ. ಪ್ರತಿ ತುಣುಕಿನಲ್ಲೂ ಒಂದಿಷ್ಟು ತಪ್ಪು ಮಾಡುತ್ತೇವೆ, ತುಣುಕುಗಳೋ ಲೆಕ್ಕವಿಲ್ಲದಷ್ಟು. ತಪ್ಪೆಲ್ಲ ಸೇರಿ ಬೆಟ್ಟವಾಗುವುದಿಲ್ಲವೇ? ಇದು ಒಳ್ಳೆಯ ಪ್ರಶ್ನೆ, ‘ಲಿಮಿಟ್ಟಿನಲ್ಲಿ ಸೊನ್ನೆಯಾಗುತ್ತೆ’ ಎಂದು ಸಾಗಹಾಕಬಾರದು. ಅಂಕಿಗಳಲ್ಲೇ ತೋರಿಸಬಹುದು. 10 ಸೆಂ.ಮೀ. ತ್ರಿಜ್ಯದ ಗೋಳದ ಮೇಲೆ 1 ಮಿ.ಮೀ. ದಪ್ಪದ ಚಿಪ್ಪು. ಮೇಲ್ಮೈ ಗುಣಿಸು ದಪ್ಪ ಎಂದು, ಅಂದರೆ 4π × ಆರ್² × ಡಿಆರ್ ಎಂದು ಲೆಕ್ಕ ಹಾಕಿದರೆ 125.66 ಘನ ಸೆಂ.ಮೀ. ದೊಡ್ಡ ಗೋಳದ ಗಾತ್ರದಿಂದ ಚಿಕ್ಕದರ ಗಾತ್ರವನ್ನು ಕಳೆದು ಸರಿಯಾಗಿ ಹಾಕಿದರೆ 126.92. ತಪ್ಪು 1.26 ಘನ ಸೆಂ.ಮೀ. ಈಗ ಚಿಪ್ಪನ್ನು ಹತ್ತು ಪಟ್ಟು ತೆಳ್ಳಗೆ, 0.1 ಮಿ.ಮೀ. ಮಾಡಿ. ಅಂದಾಜು 12.566, ಸರಿಯಾದದ್ದು 12.579, ತಪ್ಪು 0.0126. ದಪ್ಪ ಹತ್ತರಲ್ಲೊಂದು ಪಾಲಾದಾಗ ತಪ್ಪು ನೂರರಲ್ಲೊಂದು ಪಾಲಾಯಿತು. ಚಿಪ್ಪುಗಳ ಸಂಖ್ಯೆ ಹತ್ತು ಪಟ್ಟು ಹೆಚ್ಚಿದರೂ ಒಟ್ಟು ತಪ್ಪು ಹತ್ತನೇ ಒಂದಕ್ಕೆ ಇಳಿಯಿತು. ಮತ್ತೆ ತೆಳ್ಳಗೆ ಮಾಡಿದರೆ ಮತ್ತೆ ಇಳಿಯುತ್ತದೆ. ಡಿಆರ್ ವರ್ಗ, ಡಿಆರ್ ಘನ ಇರುವ ಪದಗಳನ್ನು ಬಿಡಲು ನಮಗೆ ಹಕ್ಕು ಬರುವುದು ಇಲ್ಲಿಂದ. ಅವು ಸಣ್ಣವು ಎಂಬುದು ಅರ್ಧ ಕಾರಣ ಮಾತ್ರ. ತುಣುಕಿಗಿಂತ ವೇಗವಾಗಿ ಸಣ್ಣವಾಗುತ್ತವೆ ಎಂಬುದು ಪೂರ್ತಿ ಕಾರಣ. ತುಣುಕಿನಷ್ಟೇ ವೇಗದಲ್ಲಿ ಇಳಿಯುವ ತಪ್ಪನ್ನು ಬಿಡುವಂತೆಯೇ ಇಲ್ಲ.

ಆ ಕೊನೆಯ ಮಾತಿಗೆ ಶಂಕುವಿಗಿಂತ ಒಳ್ಳೆಯ ಉದಾಹರಣೆ ಸಿಗದು. ಇದಕ್ಕೆ ಒಂದು ಪೂರ್ತಿ ಪೀರಿಯಡ್ ಕೊಟ್ಟರೂ ದಂಡವಲ್ಲ. ಪಾದದ ತ್ರಿಜ್ಯ 3 ಸೆಂ.ಮೀ., ಎತ್ತರ 4 ಸೆಂ.ಮೀ., ಓರೆ ಎತ್ತರ 5 ಸೆಂ.ಮೀ. ಮೊದಲು ಗಾತ್ರ. ಶಂಕುವನ್ನು ಅಡ್ಡಲಾಗಿ ತೆಳು ಬಿಲ್ಲೆಗಳಾಗಿ ಕತ್ತರಿಸಿ, ಪ್ರತಿ ಬಿಲ್ಲೆಯನ್ನೂ ನೇರ ಅಂಚಿನ ಸಿಲಿಂಡರ್ ಎಂದುಕೊಳ್ಳಿ: π × ಆರ್² × ಡಿಜೆಡ್ (ಡಿಜೆಡ್ ಎಂದರೆ ಬಿಲ್ಲೆಯ ದಪ್ಪ). ಕೂಡಿಸಿದರೆ 12π ಘನ ಸೆಂ.ಮೀ. ಸೂತ್ರವೂ ಅದನ್ನೇ ಹೇಳುತ್ತದೆ. ಈಗ ಅದೇ ಬಿಲ್ಲೆಗಳಿಂದ ಪಕ್ಕದ ಮೇಲ್ಮೈ ಕಂಡುಹಿಡಿಯಲು ಹೇಳಿ. ಬಹಳಷ್ಟು ಮಂದಿ 2π × ಆರ್ × ಡಿಜೆಡ್ ಎಂದು ಬರೆದು ಕೂಡಿಸುತ್ತಾರೆ. ಉತ್ತರ 12π ಚದರ ಸೆಂ.ಮೀ. ಹೈಸ್ಕೂಲಿನಲ್ಲಿ ಕಲಿತ ಸೂತ್ರದ ಪ್ರಕಾರ ಅದು π × 3 × 5, ಅಂದರೆ 15π. ಗಾತ್ರಕ್ಕೆ ಸರಿಹೋದ ಬಿಲ್ಲೆ ಮೇಲ್ಮೈಗೆ ಕೈಕೊಟ್ಟಿದ್ದೇಕೆ?

ಒಂದು ಬಿಲ್ಲೆಯ ಅಂಚನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬಿಡಿಸಿ. ನೇರ ಅಂಚು ಡಿಜೆಡ್, ನಿಜವಾದ ಅಂಚು ಓರೆ. ಇವೆರಡರ ನಡುವೆ ಸಣ್ಣ ತ್ರಿಕೋನ. ಗಾತ್ರದ ಲೆಕ್ಕದಲ್ಲಿ ಬಿಟ್ಟುಹೋಗುವುದು ಆ ತ್ರಿಕೋನ ಸುತ್ತಿ ಬಂದ ಉಂಗುರ. ಅದರ ಎರಡು ಬಾಹುಗಳೂ ಸಣ್ಣವಾಗುತ್ತಾ ಹೋಗುವುದರಿಂದ ಅದು ಡಿಜೆಡ್‌ನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಮೇಲ್ಮೈ ಲೆಕ್ಕದಲ್ಲಿ ನಾವು ತಪ್ಪಿರುವುದು ಓರೆ ಅಂಚಿನ ಉದ್ದದಲ್ಲಿಯೇ. ಓರೆಗೂ ನೇರಕ್ಕೂ ಇರುವ ಅನುಪಾತ 5:4. ನಾಲ್ಕು ಬಿಲ್ಲೆ ಮಾಡಿದರೂ 5:4, ನಾಲ್ಕು ಸಾವಿರ ಮಾಡಿದರೂ 5:4. ತೆಳ್ಳಗೆ ಮಾಡಿದ್ದರಿಂದ ಈ ತಪ್ಪು ಒಂದು ಕೂದಲೆಳೆಯಷ್ಟೂ ಸುಧಾರಿಸುವುದಿಲ್ಲ. ಹಾಗಾಗಿ ಮೇಲ್ಮೈಗೆ ಓರೆ ಉದ್ದವನ್ನೇ ತೆಗೆದುಕೊಳ್ಳಬೇಕು. ಗೋಳದಲ್ಲೂ ಇದೇ ಕಥೆ: 2π × ಆರ್ × ಡಿಜೆಡ್‌ನಲ್ಲಿ ಆರ್ ಎಂದು ಆ ಎತ್ತರದ ವೃತ್ತದ ತ್ರಿಜ್ಯವನ್ನು ಇಟ್ಟು ಕೂಡಿಸಿದರೆ ಗೋಳದ ಮೇಲ್ಮೈ ತ್ರಿಜ್ಯದ ವರ್ಗದ 4π ಪಟ್ಟು ಬರುವ ಬದಲು π² ಪಟ್ಟು ಬರುತ್ತದೆ, 12.57ರ ಜಾಗದಲ್ಲಿ 9.87. ಪಟ್ಟಿಯ ಅಗಲಕ್ಕೆ ಗೋಳದ ತ್ರಿಜ್ಯ ಗುಣಿಸು ಡಿθ (ಪಟ್ಟಿಯ ಅಗಲ ಕೇಂದ್ರದಲ್ಲಿ ಮಾಡುವ ಸಣ್ಣ ಕೋನ) ಇಟ್ಟರೆ ಸರಿಹೋಗುತ್ತದೆ. ಟೊಳ್ಳು ಗೋಳದ ಮೊಮೆಂಟ್ ಆಫ್ ಇನರ್ಷಿಯಾದಲ್ಲಿ ಮಕ್ಕಳು ಎಡವುವ ಕಲ್ಲು ಇದೇ.

ಸಣ್ಣದಕ್ಕೆ ಕೆಳಗಡೆಯೂ ಒಂದು ಮಿತಿಯಿದೆ ಎಂಬುದನ್ನು ಗಣಿತದ ತರಗತಿ ಹೇಳುವುದಿಲ್ಲ, ನಾವೇ ಹೇಳಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಪ್ರತಿ ಘನ ಮೀಟರಿಗೆ ಸುಮಾರು 2.5 × 10²⁵ ಅಣುಗಳಿವೆ. ಬಾಹು 1 ಮೈಕ್ರೋಮೀಟರ್ ಇರುವ ಘನದೊಳಗೆ 2.5 ಕೋಟಿ ಅಣು. ಅವುಗಳ ಸಂಖ್ಯೆಯ ಏರಿಳಿತ ಅದರ ವರ್ಗಮೂಲದಷ್ಟು, ಅಂದರೆ ಐದು ಸಾವಿರದ ಆಸುಪಾಸು. ಶೇ. 0.02 ಮಾತ್ರ. ಅಲ್ಲಿ ಸಾಂದ್ರತೆ ಎಂಬ ಮಾತಿಗೆ ಅರ್ಥವಿದೆ. ಬಾಹುವನ್ನು 10 ನ್ಯಾನೋಮೀಟರಿಗೆ ಇಳಿಸಿದರೆ ಒಳಗಿರುವುದು ಸರಾಸರಿ 25 ಅಣು, ಏರಿಳಿತ 5, ಅಂದರೆ ಶೇ. 20. ಸಾಂದ್ರತೆ ಕ್ಷಣಕ್ಷಣಕ್ಕೂ ಕುಣಿಯತೊಡಗುತ್ತದೆ. ಮೇಲಿನ ಮಿತಿ? ವಾತಾವರಣದ ಒತ್ತಡದ ಲೆಕ್ಕಕ್ಕೆ 100 ಮೀಟರ್ ದಪ್ಪದ ಗಾಳಿಯ ಪದರವನ್ನೂ ‘ಡಿಎಚ್’ ಎನ್ನಬಹುದು. ಸಮುದ್ರಮಟ್ಟದಲ್ಲಿ ಅಷ್ಟು ಏರಿದರೆ ಸುಮಾರು 1,200 ಪ್ಯಾಸ್ಕಲ್ ಇಳಿಯುತ್ತದೆ, ಒಟ್ಟು 1,01,325ರಲ್ಲಿ ಶೇ. 1ಕ್ಕಿಂತ ತುಸು ಹೆಚ್ಚು. ಒಂದೇ ಗಾಳಿ, ಒಂದೇ ಅಕ್ಷರ, ಆದರೆ ಮೈಕ್ರೋಮೀಟರಿನಿಂದ ನೂರು ಮೀಟರಿನವರೆಗೂ ಯಾವುದಾದರೂ ನಡೆಯುತ್ತದೆ. ಡಿಫರೆನ್ಷಿಯಲ್ ಅಂದರೆ ನಿಗೂಢ ಸಂಖ್ಯೆಯಲ್ಲ, ಕೆಲಸಕ್ಕೆ ತಕ್ಕಂತೆ ನಾವು ಆರಿಸುವ ಅಳತೆ ಎಂದು ವಿದ್ಯಾರ್ಥಿಗೆ ಧೈರ್ಯ ಬರುವುದು ಇಂಥ ಅಂಕಿಗಳಿಂದ.

ಚಿಹ್ನೆಯ ವಿಷಯಕ್ಕೆ ಬರೋಣ. 100 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 10 ವೋಲ್ಟಿಗೆ ಚಾರ್ಜ್ ಮಾಡಿ 10 ಕಿಲೋಓಮ್ ರೆಸಿಸ್ಟರಿನ ಮೂಲಕ ಖಾಲಿ ಮಾಡುತ್ತೇವೆ. ಮೊದಲಿಗೆ 1,000 ಮೈಕ್ರೋಕೂಲಂಬ್ ಚಾರ್ಜ್, 1 ಮಿಲಿಆಂಪಿಯರ್ ಕರೆಂಟು. ಕರೆಂಟು = ಡಿಕ್ಯೂ/ಡಿಟಿ ಎಂದು ಕಣ್ಣುಮುಚ್ಚಿ ಬರೆದರೆ ಚಾರ್ಜು ಕಾಲಕಳೆದಂತೆ ಬೆಳೆಯುತ್ತಾ ಹೋಗುವ ಉತ್ತರ ಬರುತ್ತದೆ. ಇಲ್ಲಿ ಕ್ಯೂ ಎಂಬುದು ಪ್ಲೇಟಿನ ಮೇಲೆ ಉಳಿದಿರುವ ಚಾರ್ಜು. ಅದು ಇಳಿಯುತ್ತಿದೆ, ಆದ್ದರಿಂದ ಡಿಕ್ಯೂ ಋಣ. ತಂತಿಯಲ್ಲಿ ಹರಿದುಹೋದದ್ದು ಧನ. ಎರಡನ್ನೂ ಹೊಂದಿಸುವುದಕ್ಕೇ ಕರೆಂಟು = −ಡಿಕ್ಯೂ/ಡಿಟಿ ಎಂಬಲ್ಲಿನ ಮೈನಸ್.

ಸೂತ್ರಕ್ಕೆ ಹೋಗುವ ಮೊದಲು ಕೈಯಿಂದಲೇ ಹೆಜ್ಜೆ ಹಾಕಿಸಿ. ಡಿಟಿ 0.1 ಸೆಕೆಂಡು. ಅಷ್ಟರಲ್ಲಿ ಕರೆಂಟು ಬದಲಾಗಲಿಲ್ಲ ಎಂದುಕೊಂಡರೆ ಹೋದದ್ದು 100 ಮೈಕ್ರೋಕೂಲಂಬ್, ಉಳಿದದ್ದು 900. ಈಗ ಕರೆಂಟು 0.9, ಹೋದದ್ದು 90, ಉಳಿದದ್ದು 810. ಹೀಗೆ ಹತ್ತು ಹೆಜ್ಜೆಗೆ 348.7. ಸ್ಪ್ರೆಡ್‌ಶೀಟಿನಲ್ಲಿ ಡಿಟಿ 0.01 ಮಾಡಿ ನೂರು ಹೆಜ್ಜೆ ಎಳೆದರೆ 366.0. ಡಿಟಿ 0.001 ಆದರೆ 367.7. ಸರಿಯುತ್ತರ 367.9. ತಪ್ಪು ಸರಿಸುಮಾರು 19, 1.8, 0.2 ಎಂದು ಹತ್ತತ್ತು ಪಟ್ಟು ಇಳಿಯುವುದು ಗೋಳದ ಚಿಪ್ಪಿನಲ್ಲಿ ಕಂಡದ್ದೇ. ಎಕ್ಸ್‌ಪೊನೆನ್ಷಿಯಲ್ ಎಲ್ಲಿಂದ ಬಂತು ಎಂಬುದೂ ಇಲ್ಲಿ ಕಣ್ಣಿಗೆ ಕಾಣುತ್ತದೆ: ಪ್ರತಿ ಹೆಜ್ಜೆಯಲ್ಲೂ ಇದ್ದದ್ದರ ಒಂದೇ ಪಾಲು ಹೋಗುತ್ತಿದೆ. ವಿಕಿರಣ ಕ್ಷಯದ ಅಧ್ಯಾಯಕ್ಕೆ ಬೇರೆ ಪೀಠಿಕೆ ಬೇಕಾಗುವುದಿಲ್ಲ.

ಇನ್ನೊಂದು ಹಳೆಯ ಗೋಜಲು, ಅನಂತ ದೂರದಿಂದ ಒಂದು ಧನ ಚಾರ್ಜನ್ನು ಇನ್ನೊಂದು ಧನ ಚಾರ್ಜಿನ ಹತ್ತಿರ ತರುವ ಕೆಲಸ. ತಳ್ಳುವ ಬಲ ಒಳಮುಖ, ಚಲನೆಯೂ ಒಳಮುಖ, ಆದ್ದರಿಂದ ಗುಣಲಬ್ಧ ಧನ ಎಂದು ಮೈನಸ್ ತೆಗೆದುಹಾಕಿ, ಆಮೇಲೆ ∞ದಿಂದ ಆರ್‌ವರೆಗೆ ಇಂಟಿಗ್ರೇಟ್ ಮಾಡುತ್ತಾರೆ. ಕೆಲಸ ಋಣವಾಗಿ ಬರುತ್ತದೆ. ಒಳಗೆ ಬರುತ್ತಿದ್ದೇವೆ ಎಂಬ ಸಂಗತಿಯನ್ನು ∞ ಮೊದಲು, ಆರ್ ಆಮೇಲೆ ಎಂದು ಬರೆದ ಮಿತಿಗಳೇ ಹೇಳಿಬಿಟ್ಟಿವೆ. ಅದನ್ನು ಮೈನಸ್ ತೆಗೆದು ಇನ್ನೊಮ್ಮೆ ಹೇಳಿದರೆ ಎರಡು ಸಲ ಎಣಿಸಿದಂತೆ. ನಿಯಮ ಸರಳ: ಬಲವನ್ನು ಹೊರಮುಖ ದಿಕ್ಕಿನಲ್ಲಿ ಬರೆಯಿರಿ (ತಳ್ಳುವ ಬಲ ಮೈನಸ್), ಡಿಆರ್ ಅನ್ನು ಡಿಆರ್ ಎಂದೇ ಬಿಡಿ, ಚಿಹ್ನೆಯ ಹೊಣೆಯನ್ನು ಮಿತಿಗಳಿಗೆ ವಹಿಸಿ.

ರಾಕೆಟ್ಟಿನಲ್ಲೂ ಡಿಎಂ ಋಣವೇ, ರಾಕೆಟ್ಟಿನ ರಾಶಿ ಕಡಿಮೆಯಾಗುತ್ತಿರುವುದರಿಂದ. ಅಲ್ಲಿ ಡಿಎಂ × ಡಿವಿ ಪದವನ್ನು ಬಿಡುವಾಗ ಒಂದು ಅಂಕಿ ಕೊಟ್ಟುಬಿಡಿ: 1,000 ಕೆ.ಜಿ. ರಾಕೆಟ್ಟು ಸೆಕೆಂಡಿಗೆ 2,000 ಮೀಟರ್ ವೇಗದಲ್ಲಿ 1 ಕೆ.ಜಿ. ಅನಿಲ ಉಗುಳಿದರೆ ಅದರ ವೇಗ ಸುಮಾರು 2 ಮೀಟರ್/ಸೆಕೆಂಡ್ ಏರುತ್ತದೆ. ಉಳಿಸಿಕೊಂಡ ಪದ (ರಾಶಿ × ಡಿವಿ) 2,000, ಬಿಟ್ಟ ಪದ 2.

ಇಷ್ಟೆಲ್ಲ ಹೇಳುವ ಮೊದಲೇ ಡಿಫರೆನ್ಷಿಯಲ್ಲನ್ನು ಪರಿಚಯಿಸಲು ಲ್ಯಾಬ್ ಒಳ್ಳೆಯ ಜಾಗ. ಸರಳ ಲೋಲಕದಲ್ಲಿ ಉದ್ದ 100 ಸೆಂ.ಮೀ., ಅದರಲ್ಲಿ 1 ಮಿ.ಮೀ. ಅನುಮಾನ, ಶೇ. 0.1. 20 ಆಂದೋಲನಕ್ಕೆ 40.1 ಸೆಕೆಂಡು, ಅದರಲ್ಲಿ 0.2 ಸೆಕೆಂಡು ಅನುಮಾನ, ಶೇ. 0.5. ಗುರುತ್ವ ವೇಗೋತ್ಕರ್ಷದ ಸೂತ್ರದಲ್ಲಿ ಆವರ್ತ ಕಾಲಕ್ಕೆ ವರ್ಗ ಇರುವುದರಿಂದ ಅದರ ಪಾಲು ಎರಡು ಪಟ್ಟು, ಒಟ್ಟು ಶೇ. 1.1. ಡಿಫರೆನ್ಷಿಯಲ್ ತೆಗೆದಾಗ ಆವರ್ತ ಕಾಲದ ಪದದ ಮುಂದೆ ಮೈನಸ್ ಬರುತ್ತದೆಯಲ್ಲ, ದೋಷದ ಲೆಕ್ಕದಲ್ಲಿ ಅದು ಪ್ಲಸ್ ಆಗುವುದೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಜವಾದ ಬದಲಾವಣೆಗೆ ದಿಕ್ಕು ಗೊತ್ತಿರುತ್ತದೆ, ಮೈನಸ್ ಉಳಿಯಬೇಕು. ದೋಷ ಯಾವ ಕಡೆಗಿದೆಯೋ ಗೊತ್ತಿಲ್ಲ, ಆದ್ದರಿಂದ ಕೆಟ್ಟ ಸಂದರ್ಭವನ್ನು ಎಣಿಸಿ ಕೂಡಿಸುತ್ತೇವೆ.

ಬಿಎಸ್ಸಿಗೆ ಬಂದವರಿಗೆ ನಿಜವಾದ ಪರೀಕ್ಷೆ ಥರ್ಮೋಡೈನಮಿಕ್ಸ್. ಅಲ್ಲಿ ಉಷ್ಣದ ಮುಂದೆ ‘ಡಿ’ ಬದಲು δ ಹಾಕುತ್ತಾರೆ. ಏಕೆ ಎಂದರೆ ‘ಅದು ಇನ್‌ಎಕ್ಸಾಕ್ಟ್ ಡಿಫರೆನ್ಷಿಯಲ್’ ಎಂಬ ಉತ್ತರ, ಪ್ರಶ್ನೆಯನ್ನೇ ಬೇರೆ ಮಾತಿನಲ್ಲಿ ಹೇಳಿದಂತೆ. ಎರಡು ದಾರಿಯ ಲೆಕ್ಕ ಮಾಡಿಸಿ. 0.4 ಮೋಲ್ ಏಕಪರಮಾಣು ಆದರ್ಶ ಅನಿಲ, ಒತ್ತಡ 100 ಕಿಲೋಪ್ಯಾಸ್ಕಲ್, ಗಾತ್ರ 10 ಲೀಟರ್, ತಾಪಮಾನ ಸುಮಾರು 300 ಕೆಲ್ವಿನ್. ಒತ್ತಡ, ಗಾತ್ರ ಎರಡನ್ನೂ ಇಮ್ಮಡಿ ಮಾಡಿ 200 ಕಿಲೋಪ್ಯಾಸ್ಕಲ್, 20 ಲೀಟರಿಗೆ ಒಯ್ಯಬೇಕು. ಆಂತರಿಕ ಶಕ್ತಿ 1,500 ಜೂಲ್‌ನಿಂದ 6,000ಕ್ಕೆ ಏರುತ್ತದೆ, ಯಾವ ದಾರಿಯಲ್ಲಿ ಹೋದರೂ ವ್ಯತ್ಯಾಸ 4,500. ಮೊದಲು ಒತ್ತಡ ಏರಿಸಿ ಆಮೇಲೆ ಹಿಗ್ಗಿಸಿದರೆ ಅನಿಲ ಮಾಡುವ ಕೆಲಸ 2,000 ಜೂಲ್, ಕೊಡಬೇಕಾದ ಉಷ್ಣ 6,500. ಮೊದಲು ಹಿಗ್ಗಿಸಿ ಆಮೇಲೆ ಒತ್ತಡ ಏರಿಸಿದರೆ ಕೆಲಸ 1,000, ಉಷ್ಣ 5,500. ಹೊರಟ ಜಾಗ ಒಂದೇ, ತಲುಪಿದ ಜಾಗ ಒಂದೇ, ಉಷ್ಣ ಮಾತ್ರ ಬೇರೆ. ಅಂದಮೇಲೆ ‘ಅನಿಲದಲ್ಲಿರುವ ಉಷ್ಣ’ ಎಂಬ ಪ್ರಮಾಣವೇ ಇಲ್ಲ. ಇಲ್ಲದ್ದರ ವ್ಯತ್ಯಾಸ ಹೇಗೆ ಬಂದೀತು? δಕ್ಯೂ ಎನ್ನುವುದು ಒಂದು ಸಣ್ಣ ಕಂತು, ಯಾವುದರ ಬದಲಾವಣೆಯೂ ಅಲ್ಲ. ಮೊದಲ ದಿನ ಹೇಳಿದ ತುಣುಕು–ವ್ಯತ್ಯಾಸದ ಭೇದ ಇಲ್ಲಿ ಫಲ ಕೊಡುತ್ತದೆ.

ಅಲ್ಲಿಗೇ ನಿಲ್ಲಿಸದೆ, ಎರಡೂ ದಾರಿಯಲ್ಲಿ ಪ್ರತಿ ಕಂತನ್ನೂ ಆಗಿನ ತಾಪಮಾನದಿಂದ ಭಾಗಿಸಿ ಕೂಡಿಸಲು ಹೇಳಿ. ಎರಡು ದಾರಿಯಲ್ಲೂ ತಾಪಮಾನ ಒಮ್ಮೆ ಸ್ಥಿರ ಗಾತ್ರದಲ್ಲಿ, ಒಮ್ಮೆ ಸ್ಥಿರ ಒತ್ತಡದಲ್ಲಿ ಇಮ್ಮಡಿಯಾಗುತ್ತದೆ, ಕ್ರಮ ಮಾತ್ರ ಅದಲುಬದಲು. ಮೊತ್ತ ಎರಡರಲ್ಲೂ 9.2 ಜೂಲ್/ಕೆಲ್ವಿನ್. ದಾರಿಯನ್ನು ಅವಲಂಬಿಸಿದ್ದ ಕಂತು ತಾಪಮಾನದಿಂದ ಭಾಗಿಸಿದೊಡನೆ ನಿಜವಾದ ವ್ಯತ್ಯಾಸವಾಯಿತು. ಅದು ಎಂಟ್ರೊಪಿಯ ವ್ಯತ್ಯಾಸ.

ಭಿನ್ನರಾಶಿಯ ಜಗಳಕ್ಕೂ ಒಂದು ಉತ್ತರ ಬೇಕಲ್ಲ. ವೈ ಎಕ್ಸ್ ಒಂದನ್ನೇ ಅವಲಂಬಿಸಿದ್ದಾಗ, ಡಿವೈ ಅಂದರೆ ಡೆರಿವೇಟಿವ್ ಗುಣಿಸು ಡಿಎಕ್ಸ್ ಎಂದು ಇಟ್ಟುಕೊಂಡರೆ ಭಾಗಿಸುವುದಕ್ಕೂ ಆಚೀಚೆ ಕಳಿಸುವುದಕ್ಕೂ ಅಡ್ಡಿಯಿಲ್ಲ. ಎರಡನೇ ಡೆರಿವೇಟಿವ್ ಬಂದರೆ ಆ ಸಲುಗೆ ಇಲ್ಲ. ಪಾರ್ಷಿಯಲ್ ಡೆರಿವೇಟಿವ್ (ಉಳಿದ ಪ್ರಮಾಣವನ್ನು ಸ್ಥಿರವಾಗಿ ಹಿಡಿದು ತೆಗೆಯುವ ಡೆರಿವೇಟಿವ್) ಬಂದರಂತೂ ಅಪಾಯ. ಆದರ್ಶ ಅನಿಲಕ್ಕೆ ∂ಒತ್ತಡ/∂ಗಾತ್ರ, ∂ಗಾತ್ರ/∂ತಾಪಮಾನ, ∂ತಾಪಮಾನ/∂ಒತ್ತಡ ಮೂರನ್ನೂ ಗುಣಿಸಿ. ಮೇಲೆ ಕೆಳಗೆ ಹೊಡೆದುಹಾಕಿದರೆ ಪ್ಲಸ್ 1 ಬರಬೇಕು. ಬರುವುದು ಮೈನಸ್ 1, ಏಕೆಂದರೆ ಪ್ರತಿಯೊಂದರಲ್ಲೂ ಸ್ಥಿರವಾಗಿ ಹಿಡಿದಿರುವ ಪ್ರಮಾಣ ಬೇರೆ ಬೇರೆ.

ಟೆಸ್ಟಿನಲ್ಲಿ ಪಠ್ಯದ ಡಿರೈವೇಷನ್ ಕೇಳಿದರೆ ಉರು ಹೊಡೆದದ್ದು ಮಾತ್ರ ಹೊರಬರುತ್ತದೆ. ಅದರ ಬದಲು ಒಂದು ತುದಿಯಿಂದ ಇನ್ನೊಂದಕ್ಕೆ ಸಾಂದ್ರತೆ ಏರುವ ಸರಳನ್ನೋ, ತ್ರಿಕೋನಾಕಾರದ ಅಣೆಕಟ್ಟಿನ ಬಾಗಿಲನ್ನೋ ಕೊಡಿ. ಇಂಟಿಗ್ರೇಟ್ ಮಾಡಿಸಲೇಬೇಡಿ. ಬದಲಾಗುತ್ತಿರುವುದು ಏನು, ತುಣುಕು ಯಾವ ಆಕಾರದ್ದು, ಒಂದು ತುಣುಕಿನ ಪಾಲು ಎಷ್ಟು, ಮಿತಿಗಳು ಎಲ್ಲಿಂದ ಎಲ್ಲಿಗೆ ಎಂಬ ನಾಲ್ಕು ಸಾಲಿಗೆ ಪೂರ್ತಿ ಮಾರ್ಕ್ಸ್ ಇಡಿ. ತ್ರಿಕೋನದ ಬಾಗಿಲಿಗೆ ಅಡ್ಡ ಪಟ್ಟಿ ಎಳೆದು, ಪಟ್ಟಿಯ ಉದ್ದವೂ ಆಳದೊಂದಿಗೆ ಬದಲಾಗುತ್ತದೆ ಎಂದು ಬರೆದವರಿಗೆ ಮುಂದಿನ ಅಧ್ಯಾಯದಲ್ಲಿ ಉಂಗುರ, ತಟ್ಟೆ, ಗೋಳ ಯಾವುದನ್ನು ಕೊಟ್ಟರೂ ಮೊದಲ ಸಾಲು ಬರೆಯಲು ಬರುತ್ತದೆ. ಪಟ್ಟಿಯ ಉದ್ದವನ್ನು ಸ್ಥಿರ ಎಂದುಕೊಂಡವರನ್ನು ಮತ್ತೆ ಶಂಕುವಿನ ಹತ್ತಿರ ಕೂರಿಸಿ.